ಮಾರ್ಲೇನಿಯ ಹಿಟ್ಟಿಗೆ ಉಪ್ಪು ನೋಡಿದ್ದು

ಟಕ್ ಎಂದು ಒಂದು ಸಲ ಕುಟ್ಟಿದರೆ ಸಾಕು ಎಂದರ್ಥ. ಟಕ್ ಟಕ್ ಎಂದು ಎರಡು ಸಲವಾದರೆ ಇನ್ನೂ ನಾದಬೇಕು. ಮೂರು ಸಲ ಕುಟ್ಟಿದರೆ, ಏನ್ ಮಾಡ್ತಿದೀರಿ ಪುಣ್ಯಾತ್ಗಿತ್ತಿ, ಕೈ ತೆಗೀರಿ ಅತ್ಲಾಗೆ ಎಂದು. ಮಾರ್ಲೇನಿ ಪ್ಲಾಸ್ಟರ್ ಹಾಕಿದ ತನ್ನ ಕೈಯನ್ನು ಅಡಿಗೆಮನೆಯ ಮೇಜಿಗೆ ತಟ್ಟಿದರೆ ಕೊಬ್ಬರಿ ಗಿಟುಕನ್ನು ನೆಲಕ್ಕೆ ಬಡಿದಂಥ ಸದ್ದು ಬರುತ್ತದೆ. ನಿನ್ನೆ ಮೊಮ್ಮಗಳು ಆದ್ಯ ಹೋಮ್‌ವರ್ಕ್ ಮಾಡುತ್ತಾ ಸ್ಟೇಪ್ಲರನ್ನು ಮೇಜಿಗೆ ಕುಟ್ಟುತ್ತಿದ್ದಳು. ಸಾರು ಕಲಕುತ್ತಿದ್ದ ನನ್ನ ಕೈ ತಾನಾಗಿ ನಿಂತಿತು.

"ವಾಟ್, ಅಜ್ಜಿ?"

"ಏನಿಲ್ಲ ಕಣೆ. ಮಾರ್ಲೇನಿ ಸಾಕು ಅಂದ ಹಾಗಾಯ್ತು."

"ಓ, ದ ಬ್ರೆಡ್ ಲೇಡಿ," ಎಂದು ಅವಳು ಮತ್ತೆ ಕುಟ್ಟತೊಡಗಿದಳು.

ಮಾರ್ಲೇನಿ ಬ್ರೆಜಿಲ್ ದೇಶದವಳು. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಅವಳ ಮಗಳು ಪತ್ರೀಸಿಯಾ ಬಾಡಿಗೆಗಿದ್ದಾಳೆ, ನರ್ಸಿಂಗ್ ಹೋಮಿನಲ್ಲಿ ನೈಟ್ ಡ್ಯೂಟಿ. ಪತ್ರೀಸಿಯಾಳ ಮಗಳು ಲಾರಾ ಮತ್ತು ನಮ್ಮ ಆದ್ಯ ಒಂದೇ ಕ್ಲಾಸು. ನನ್ನ ಮಗಳು ವೀಣಾ ಡಾಕ್ಟರು; ದೊಡ್ಡಾಸ್ಪತ್ರೆಯಿರುವ ಐರ್ಲೆಂಡಿನ ಈ ಬ್ಯೂಮಾಂಟಿನಲ್ಲಿ ಕಲ್ಲೆಸೆದರೆ ಡಾಕ್ಟರಿಗೋ ನರ್ಸಿಗೋ ತಾಗುತ್ತದೆ. ಅವರೆಲ್ಲರ ಮಕ್ಕಳನ್ನು ಮಧ್ಯಾಹ್ನ ಸ್ಕೂಲಿನಿಂದ ಕರೆತರುವವರು ನಾವು, ಅಜ್ಜಿಯರು. ಗೇಟಿನ ಹೊರಗೆ ಸೀರೆಯ ಮೇಲೆ ರೇನ್‌ಕೋಟು, ಕಾಲಿಗೆ ಮಗಳ ಹಳೆಯ ರನ್ನಿಂಗ್ ಶೂ ಹಾಕಿಕೊಂಡು ನಿಲ್ಲುವ ನನ್ನನ್ನು ನೋಡಿ ಐರಿಷ್ ಅಮ್ಮಂದಿರು ಬಹಳ ಮರ್ಯಾದೆಯಿಂದ ಬೇರೆ ಕಡೆ ನೋಡುತ್ತಾರೆ. ಒಂದು ಏಪ್ರಿಲ್ ತಿಂಗಳಲ್ಲಿ ಮಾರ್ಲೇನಿ ಮಾತ್ರ ತಲೆಯಿಂದ ಕಾಲಿನವರೆಗೆ ನೋಡಿ ಗಟ್ಟಿಯಾಗಿ ನಕ್ಕಳು. ನಕ್ಕು, ತನ್ನ ಸ್ಕರ್ಟನ್ನು ಸ್ವಲ್ಪ ಎತ್ತಿ ತೋರಿಸಿದಳು. ಒಳಗೆ ಅಳಿಯನ ಪೈಜಾಮ. ಪರಿಚಯಕ್ಕೆ ಅಷ್ಟು ಸಾಕಾಯಿತು.

ಮಾತಿನ ಕಷ್ಟವಿತ್ತು. ನನ್ನ ಇಂಗ್ಲಿಷು ಮೈಸೂರಿನ ಕಾನ್ವೆಂಟಿನ ಸಿಸ್ಟರ್ ಬೆನೆಡಿಕ್ಟ ಕಲಿಸಿದ್ದು. ಆಕೆ ಐರ್ಲೆಂಡಿನವರೇ ಆದ್ದರಿಂದ ಇಲ್ಲಿ ನನಗೇನೂ ತೊಂದರೆಯಾಗದು ಎಂದುಕೊಂಡು ಬಂದೆ. ಇಲ್ಲಿನ ಬಸ್ ಡ್ರೈವರ್ ಮಾತಾಡಿದರೆ ಒಂದಕ್ಷರ ತಿಳಿಯದೆ "ಐ ಬೆಗ್ ಯುವರ್ ಪಾರ್ಡನ್" ಎನ್ನುತ್ತೇನೆ. ಅವನು ಮಹಾರಾಣಿಯನ್ನು ಕಂಡವನಂತೆ ಬಸ್ಸನ್ನು ಇನ್ನೆರಡು ನಿಮಿಷ ನಿಲ್ಲಿಸಿಕೊಳ್ಳುತ್ತಾನೆ. ಮಾರ್ಲೇನಿಯದು ಚರ್ಚಿನ ಹಾಲಿನಲ್ಲಿ ಮಂಗಳವಾರ ಮಂಗಳವಾರ ಕಲಿಯುತ್ತಿದ್ದ ಇಂಗ್ಲಿಷು. ಅದರಲ್ಲಿ ಕ್ರಿಯಾಪದಗಳಿರಲಿಲ್ಲ, ಕೈಗಳಿದ್ದವು. ಅದೂ ಸಾಲದೆ ಹೋದರೆ ಫೋನು. ಆದ್ಯ ಅದರಲ್ಲಿ ಏನೋ ಹಾಕಿಕೊಟ್ಟಿದ್ದಳು. ಮಾರ್ಲೇನಿ ಪೋರ್ಚುಗೀಸಿನಲ್ಲಿ ಹೇಳಿದ್ದನ್ನು ಅದು ಕನ್ನಡದಲ್ಲಿ ಹೇಳುತ್ತಿತ್ತು, ನಮ್ಮ ಕಾಲದಲ್ಲಿ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದ ದನಿಯಲ್ಲಿ. "ನಿಮ್ಮ ಪಾದರಕ್ಷೆಯ ದಾರವು ಬಿಚ್ಚಿಕೊಂಡಿದೆ" ಎಂದು ಅದು ಮೊದಲ ಸಲ ಘೋಷಿಸಿದಾಗ ನಾನು ಗಾಬರಿಯಾಗಿ ಸುತ್ತ ನೋಡಿದ್ದೆ.

ಅವಳು ಮೂರು ತಿಂಗಳಿಗೆಂದು ಬಂದದ್ದು ಲಾರಾಳ ಫಸ್ಟ್ ಹೋಲಿ ಕಮ್ಯೂನಿಯನ್ನಿಗಾಗಿ. ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ದಿನ; ಇಲ್ಲಿ ಅದು ನಮ್ಮ ಉಪನಯನದಷ್ಟು ಗಲಾಟೆಯ ಸಂಗತಿ. ಎಂಟು ವರ್ಷದ ಹುಡುಗಿಯರು ಪುಟ್ಟ ಮದುಮಗಳಂತೆ ಬಿಳಿ ಗೌನು ತೊಡುತ್ತಾರೆ, ಚರ್ಚಿನಲ್ಲಿ ಪೂಜೆ, ಆಮೇಲೆ ಮನೆಯ ಹಿತ್ತಲಿನಲ್ಲಿ ಊಟ. ಬರುವವರಿಗೆಲ್ಲ ತಮ್ಮೂರಿನ ಚೀಸ್ ಬನ್ನನ್ನು ತಾನೇ ಮಾಡಿ ಬಡಿಸಬೇಕೆಂಬುದು ಮಾರ್ಲೇನಿಯ ಸಂಕಲ್ಪ. ಪಾಂವ್ ಜಿ ಕೇಜು ಎಂದು ಅದರ ಹೆಸರು. ನಿಂಬೆಹಣ್ಣಿನ ಗಾತ್ರದ ಉಂಡೆ, ಹೊರಗೆ ಗರಿಗರಿ, ಒಳಗೆ ಜಗ್ಗಿದರೆ ಎಳೆಯಾಗುವಷ್ಟು ಮೆತ್ತಗೆ. ಕಮ್ಯೂನಿಯನ್ನಿಗೆ ಮೂರು ವಾರ ಇರುವಾಗ ಅವಳು ಹಿತ್ತಲಿನ ಪಾಚಿಗಟ್ಟಿದ ಮರದ ಹಲಗೆಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು.

ನೋಡಲು ಹೋದಾಗ ಅವಳು ಅಳುತ್ತಿರಲಿಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು ಬಹಳ ಹೊತ್ತು ಮಾತಾಡಿದಳು. ಆಮೇಲೆ ವಾರ್ತೆಯ ದನಿ ಶುರುವಾಯಿತು. "ನನ್ನ ಮಗಳ ಪ್ರಥಮ ಪ್ರಸಾದ ಸ್ವೀಕಾರದ ದಿನ ನಾನು ಬೇರೆಯವರ ಮನೆಯಲ್ಲಿ ಅಡುಗೆ ಕೆಲಸದಲ್ಲಿದ್ದೆನು. ಅದೇ ದಿನ ಅವರ ಮಗಳಿಗೂ ಇತ್ತು. ನಾನು ಅವರ ಅತಿಥಿಗಳಿಗೆ ಇನ್ನೂರು ಮಾಡಿದೆನು. ರಾತ್ರಿ ಮನೆಗೆ ಬಂದಾಗ ನನ್ನ ಮಗಳು ಬಿಳಿ ಉಡುಪಿನಲ್ಲಿಯೇ ಮಲಗಿದ್ದಳು. ಧನ್ಯವಾದಗಳು." ಕೊನೆಯ ಧನ್ಯವಾದ ಅವಳು ಹೇಳಿದ್ದೋ ಫೋನೇ ಸೇರಿಸಿದ್ದೋ ಗೊತ್ತಿಲ್ಲ.

ಪತ್ರೀಸಿಯಾಗೆ ಇದೆಲ್ಲ ನೆನಪಿತ್ತೋ ಇಲ್ಲವೋ. ಅವಳು ಬ್ರೆಜಿಲಿಯನ್ ಅಂಗಡಿಯಿಂದ ಫ್ರೋಜನ್ ಪ್ಯಾಕೆಟ್ಟುಗಳನ್ನು ತಂದು ಫ್ರೀಜರಿನಲ್ಲಿ ತುಂಬಿಸಿಟ್ಟು, "ಇಟ್ಸ್ ಗ್ರ್ಯಾಂಡ್, ಮಾಯಿ" ಎಂದಳು. ಗ್ರ್ಯಾಂಡ್ ಎಂದರೆ ಇಲ್ಲಿ ಪರವಾಗಿಲ್ಲ ಎಂದು, ಮಾಯಿ ಎಂದರೆ ಅವರಲ್ಲಿ ಅಮ್ಮ. ಮಾಯಿ ಆ ಫ್ರೀಜರಿನ ಬಾಗಿಲನ್ನು ನೋಡಿದ ರೀತಿ ನೋಡಿ ನಾನೇ ಬಾಯಿಬಿಟ್ಟೆ.

"ಐ ಶಲ್ ಬಿ ಯುವರ್ ಹ್ಯಾಂಡ್," ಎಂದೆ. ಶಲ್ ಮತ್ತು ವಿಲ್ ನಡುವಿನ ವ್ಯತ್ಯಾಸಕ್ಕೆ ಸಿಸ್ಟರ್ ಬೆನೆಡಿಕ್ಟ ಪ್ರಾಣ ಬಿಡುತ್ತಿದ್ದರು.

ಹೇಳಿದ ಮೇಲೆ ಆ ಹಿಟ್ಟಿಗೆ ಬೀಳುವ ಮೊಟ್ಟೆಯ ನೆನಪಾಯಿತು.

ನಗಬೇಡಿ. ಎಪ್ಪತ್ತು ದಾಟಿದ ನಾನು ಅಲ್ಲಿಯವರೆಗೆ ಮೊಟ್ಟೆಯನ್ನು ಕೈಯಲ್ಲಿ ಹಿಡಿದವಳಲ್ಲ. ಕಾನ್ವೆಂಟಿನ ಫೀಸ್ಟ್ ಡೇ ದಿನ ಪ್ರತಿ ಹುಡುಗಿಗೂ ಒಂದು ತುಂಡು ಕೇಕು ಸಿಗುತ್ತಿತ್ತು. "ಜಸ್ಟ್ ಎ ಕ್ರಂಬ್, ಸರೋಜಾ, ಇಟ್ ವೋಂಟ್ ಬೈಟ್ ಯೂ," ಎನ್ನುತ್ತಿದ್ದರು ಸಿಸ್ಟರ್. ನಾನು "ಥ್ಯಾಂಕ್ ಯೂ ಸಿಸ್ಟರ್" ಎಂದು ತೆಗೆದುಕೊಂಡು ಕರವಸ್ತ್ರದಲ್ಲಿ ಸುತ್ತಿ, ಪಕ್ಕದ ಬೆಂಚಿನ ಗ್ರೇಸಿಗೆ ದಾಟಿಸುತ್ತಿದ್ದೆ. ನನ್ನ ಪಾಲಿನಿಂದಲೇ ಅವಳು ಒಂದು ಸುತ್ತು ದಪ್ಪಗಾದಳೆಂದು ನನ್ನ ನಂಬಿಕೆ. ಮನೆಗೆ ಬಂದರೆ ಬಾಗಿಲಲ್ಲೇ ಅಜ್ಜಿ. "ಇವತ್ತು ನಿಮ್ಮ ಸ್ಕೂಲಲ್ಲಿ ಹಬ್ಬ ಅಲ್ವೇನೆ? ಎಲ್ಲಿ, ಬಾಯಿ ತೆಗಿ." ಹತ್ತಿರ ಬಂದು ಮೂಸುತ್ತಿದ್ದಳು. ತಿನ್ನದ ಕೇಕಿಗಾಗಿ ಆರು ವರ್ಷ ಬಾಯಿ ತೆಗೆದು ತೋರಿಸಿದೆ. ವೀಣಾ ಹಾಸ್ಪಿಟಲ್ ಕ್ಯಾಂಟೀನಿನಲ್ಲಿ ಆಮ್ಲೆಟ್ ತಿನ್ನುತ್ತಾಳೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತು. ಬಾಯಿ ತೆಗಿ ಎಂದು ನಾನೆಂದೂ ಕೇಳಿದವಳಲ್ಲ.

ಆದ್ದರಿಂದ ನಮ್ಮಲ್ಲಿ ಒಪ್ಪಂದವಾಯಿತು. ಮೊಟ್ಟೆಯನ್ನು ಮಾರ್ಲೇನಿ ಎಡಗೈಯಲ್ಲಿ ಒಡೆದು ಹಾಕುವುದು, ನಾನು ವೀಣಾಳ ಡಬ್ಬಿಯಿಂದ ತಂದ ಗ್ಲೌಸು ತೊಟ್ಟು ನಾದುವುದು. "ಅಜ್ಜಿ, ಯೂ ಲುಕ್ ಲೈಕ್ ಎ ಸರ್ಜನ್," ಎಂದಳು ಆದ್ಯ. ಎಡಗೈಯ ಅಭ್ಯಾಸವಿಲ್ಲದ ಮಾರ್ಲೇನಿ ಮೊದಲ ದಿನ ಮೂರು ಮೊಟ್ಟೆಗೆ ಎರಡನ್ನು ಮೇಜಿನ ಮೇಲೇ ಒಡೆದಳು. ನಾನು ದೂರ ನಿಂತು ಬಹಳ ಸಹಾನುಭೂತಿಯಿಂದ ನೋಡಿದೆ.

ಉಳಿದ ಕೆಲಸ ನನಗೆ ಹೊಸದೇನಾಗಿರಲಿಲ್ಲ, ಅದೇ ಆಶ್ಚರ್ಯ. ಅದಕ್ಕೆ ಗೋಧಿ ಹಿಟ್ಟಲ್ಲ, ಮೈದಾ ಅಲ್ಲ, ಮರಗೆಣಸಿನ ಹಿಟ್ಟು. ನಾವು ಏಕಾದಶಿಗೆ ತಿನ್ನುವ ಸಬ್ಬಕ್ಕಿಯೂ ಅದೇ ಗೆಣಸಿನದು. ಬೆಳ್ಳಗೆ, ನುಣ್ಣಗೆ, ಬೆರಳಲ್ಲಿ ಒತ್ತಿದರೆ ಕಿರ್ ಎನ್ನುತ್ತದೆ. ಹಾಲು, ಎಣ್ಣೆ ಸೇರಿಸಿ ಕುದಿಸಿ ಆ ಹಿಟ್ಟಿನ ಮೇಲೆ ಸುರಿದು ಮರದ ಸೌಟಿನಲ್ಲಿ ತೊಳಸಬೇಕು. ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸುವವಳಿಗೆ ಇದನ್ನು ಕಲಿಸಬೇಕೇ? ಹಿಟ್ಟು ಗಂಟುಕಟ್ಟುವ ಮುಂಚೆ ಸೌಟಿನ ಹಿಡಿಯಿಂದ ನಾನು ನಡುವೆ ತೂತು ಮಾಡಿ ಉಗಿ ಬಿಟ್ಟಾಗ ಮಾರ್ಲೇನಿ ಕುರ್ಚಿಯಿಂದ ಎದ್ದು ನಿಂತಳು. "ಹೂ ಟೀಚ್?" ಎಂದಳು. "ಮೈ ಗ್ರ್ಯಾಂಡ್‌ಮದರ್," ಎಂದೆ. "ಶಿ ಬ್ರೆಜಿಲ್?" ನಮ್ಮಜ್ಜಿ ನಂಜನಗೂಡಿನ ಆಚೆಗೆ ಹೋದವಳಲ್ಲ.

ಹಿಟ್ಟು ತಣಿದ ಮೇಲೆ ಮೊಟ್ಟೆ, ಆಮೇಲೆ ತುರಿದ ಚೀಸು. ಅವರೂರಿನ ಚೀಸು ಇಲ್ಲಿ ಸಿಗದು; ಚೆಡ್ಡಾರಿಗೆ ಇನ್ನೊಂದು ಗಟ್ಟಿ ಚೀಸನ್ನು ಬೆರೆಸುತ್ತಿದ್ದಳು. ಒಂದು ಚಮಚ ಉಪ್ಪು. ಟಕ್ ಟಕ್, ಟಕ್ ಟಕ್, ನಾನು ನಾದುವುದು. ಕೊನೆಗೆ ಅವಳು ಎಡಗೈ ಬೆರಳಿನಿಂದ ಚೂರು ಹಸಿ ಹಿಟ್ಟನ್ನು ಬಾಯಿಗೆ ಹಾಕಿಕೊಂಡು ಸೂರು ನೋಡುತ್ತಿದ್ದಳು. ಟಕ್. ಹೀಗೆ ಮೂರು ಸಲ ಟ್ರಯಲ್ ಮಾಡಿದೆವು. ಮೂರು ಸಲವೂ ಓವನ್ನಿನಲ್ಲಿ ಉಂಡೆಗಳು ಪೂರಿಯ ಹಾಗೆ ಉಬ್ಬಿದವು. ಅವಳ ಬೆರಳು ಬಾಯಿಗೆ ಹೋಗುವುದನ್ನು ನಾನು ಮೂರು ಸಲವೂ ನೋಡಿದ್ದೇನೆ, ಆದರೆ ಅದು ಅಡಿಗೆಯ ಒಂದು ಭಾಗವೆಂದು ನನ್ನ ತಲೆಗೆ ಹೋಗಲಿಲ್ಲ. ಚಪಲವಿರಬೇಕು ಎಂದುಕೊಂಡೆ.

ಏಕೆಂದರೆ ನಾನು ಉಪ್ಪು ನೋಡುವವಳಲ್ಲ. ನಮ್ಮ ಮನೆಯಲ್ಲಿ ಯಾರೂ ನೋಡುತ್ತಿರಲಿಲ್ಲ. ನೈವೇದ್ಯವಾಗುವ ಮುಂಚೆ ನಾಲಿಗೆಗೆ ತಾಗಿಸಿದರೆ ದೇವರಿಗೆ ಎಂಜಲು ಬಡಿಸಿದ ಹಾಗೆ. ಉಪ್ಪಿನ ಅಂದಾಜು ಕೈಗೆ ಬರಬೇಕು, ಕೈಗೆ ಬಾರದಿದ್ದರೆ ನಿನ್ನ ಹಣೆಬರಹ, ಎನ್ನುತ್ತಿದ್ದಳು ಅಜ್ಜಿ. ಮದುವೆಯಾದ ಮನೆಯಲ್ಲೂ ಅದೇ. ಮೊದಲ ತುತ್ತಿಗೆ ಎಲ್ಲರೂ ನಮ್ಮ ಯಜಮಾನರ ಮುಖ ನೋಡುವರು. ಅವರು ಎರಡನೆಯ ತುತ್ತು ಕಲಸಿದರೆ ಎಲ್ಲರೂ ಕಲಸುವರು. ಐವತ್ತು ವರ್ಷದಲ್ಲಿ ಅವರ ಕೈ ನಿಂತದ್ದು ಎರಡೇ ಸಲ. ಈ ಲೆಕ್ಕವನ್ನು ನಾನು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ, ವೀಣಾ ಕಣ್ಣು ಹೊರಳಿಸುತ್ತಿದ್ದಳು.

ಕಮ್ಯೂನಿಯನ್ ಶನಿವಾರ. ಶುಕ್ರವಾರ ಮಧ್ಯಾಹ್ನ ಮಾರ್ಲೇನಿಗೆ ಕೈ ತೋರಿಸಲು ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟು. ಮೊಟ್ಟೆಗಳನ್ನು ಒಡೆದು ಬಟ್ಟಲಲ್ಲಿಟ್ಟು, ಮನೆಯ ಕೀ ನನಗೆ ಕೊಟ್ಟು ಹೋದಳು. ನಾನೊಬ್ಬಳೇ ಎರಡು ಪಾಲು ಹಿಟ್ಟು ಉಕ್ಕರಿಸಿ, ನಾದಿ, ನೂರಿಪ್ಪತ್ತು ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಟ್ಟೆ. ಗಟ್ಟಿ ಚೀಸು ಹಿಂದಿನದಕ್ಕಿಂತ ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಪತ್ರೀಸಿಯಾ ಬೇರೆ ಯಾವುದೋ ತಂದಿದ್ದಾಳೆ ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು; ಆ ಚೀಸಿನಲ್ಲೇ ಉಪ್ಪು ಹೆಚ್ಚಿದ್ದೀತೆಂದು ಹೊಳೆಯಲಿಲ್ಲ. ಎರಡು ಚಮಚ ಉಪ್ಪು ಹಾಕಿ, ಕೈ ಸುಮ್ಮನಿರದೆ ಇನ್ನೊಂದು ಚಿಟಿಕೆ ಹಾಕಿದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮೊದಲ ಟ್ರೇ ಹೊರಬಂತು. ಚಿನ್ನದ ಬಣ್ಣ. ಮೇಲಿನ ಕೋಣೆಯಲ್ಲಿ ಪತ್ರೀಸಿಯಾ ಲಾರಾಳ ಕೂದಲು ಸುರುಳಿ ಮಾಡುತ್ತಿದ್ದಳು. ಹಿತ್ತಲಲ್ಲಿ ಅಳಿಯ ಕುರ್ಚಿಗಳನ್ನು ಬಿಡಿಸುತ್ತಿದ್ದ. ಮಾರ್ಲೇನಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿಯುವುದು ನಿಂತಿತು. ನಿಧಾನವಾಗಿ ನಲ್ಲಿಯ ಹತ್ತಿರ ಹೋಗಿ ಒಂದು ಲೋಟ ನೀರು ಕುಡಿದಳು. ಇನ್ನೊಂದು ಲೋಟ ಕುಡಿದಳು.

"ಸಾಲ್ಟ್," ಎಂದಳು. "ಮಚ್, ಮಚ್ ಸಾಲ್ಟ್. ಯೂ ನೋ ಟೇಸ್ಟ್?"

"ನೋ."

"ಎಗ್? ಬಿಕಾಸ್ ಎಗ್?"

ಹೌದೆಂದುಬಿಡಬಹುದಿತ್ತು. ಆದರೆ ಕಾನ್ವೆಂಟಿನಲ್ಲಿ ಓದಿದವರಿಗೆ ತಪ್ಪೊಪ್ಪಿಗೆಯ ಚಟ. "ಐ ನೆವರ್ ಟೇಸ್ಟ್ ಎನಿಥಿಂಗ್," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಫೋನು ತೆಗೆದು ಕನ್ನಡದಲ್ಲಿ ಹೇಳಿದೆ. "ನಮ್ಮಲ್ಲಿ ಅಡಿಗೆ ಮಾಡೋವಾಗ ರುಚಿ ನೋಡಲ್ಲ. ಮೊದಲು ದೇವರಿಗೆ ಇಡ್ತೀವಿ." ಅದು ಪೋರ್ಚುಗೀಸಿನಲ್ಲಿ ಏನು ಹೇಳಿತೋ, ಅವಳು ಫೋನನ್ನೂ ನನ್ನನ್ನೂ ನೋಡಿ, ಸೊಂಟದ ಮೇಲೆ ಎಡಗೈ ಇಟ್ಟು ಒಂದು ಮಾತಾಡಿದಳು. ವಾರ್ತೆಯ ದನಿ ಗಂಭೀರವಾಗಿ ಓದಿತು. "ಹಾಗಾದರೆ ನಿಮ್ಮ ದೇವರ ರಕ್ತದೊತ್ತಡ ಹೇಗಿದೆ?"

ಇಬ್ಬರೂ ನಕ್ಕೆವು. ನಗು ಮುಗಿಯಿತು. "ಓಕೆ. ನೋ ಪ್ರಾಬ್ಲೆಮ್," ಎನ್ನುತ್ತಾ ಅವಳು ಎಡಗೈಯಲ್ಲಿ ಫ್ರೀಜರಿನ ಬಾಗಿಲು ಎಳೆದು ಫ್ರೋಜನ್ ಪ್ಯಾಕೆಟ್ಟನ್ನು ತೆಗೆದು ಮೇಜಿನ ಮೇಲಿಟ್ಟಳು. ಕತ್ತರಿ ಹುಡುಕಿದಳು. ಎಡಗೈಗೆ ಕತ್ತರಿ ಕೂರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಹರಿಯಲು ನೋಡಿದಳು.

"ಇಡಿ ಅದನ್ನ," ಎಂದೆ. ಕನ್ನಡದಲ್ಲೇ. ಫೋನಿಲ್ಲದೆಯೂ ಅವಳು ಇಟ್ಟಳು.

ಸಾರಿಗೆ ಉಪ್ಪು ಹೆಚ್ಚಾದರೆ ನಮ್ಮಲ್ಲಿ ಏನು ಮಾಡುತ್ತಾರೆ? ಆಲೂಗಡ್ಡೆ ಹಾಕುತ್ತಾರೆ. ಈ ದೇಶದಲ್ಲಿ ಇನ್ನೇನಿಲ್ಲದಿದ್ದರೂ ಅದು ಇರುತ್ತದೆ. ಸಿಂಕಿನ ಕೆಳಗೆ ಮೂಟೆಯೇ ಇತ್ತು. ಬೇಯಿಸಿ, ಮಸೆದು, ಉಳಿದ ಹಸಿ ಉಂಡೆಗಳನ್ನೆಲ್ಲ ಒಡೆದು ಅದರ ಜೊತೆ ಮತ್ತೆ ನಾದುವುದು, ಜೊತೆಗೆ ಇದ್ದ ಒಂದೂವರೆ ಪ್ಯಾಕೆಟ್ ಗೆಣಸಿನ ಹಿಟ್ಟನ್ನು ಉಪ್ಪಿಲ್ಲದೆ ಉಕ್ಕರಿಸಿ ಸೇರಿಸುವುದು. ಕೈಸನ್ನೆಯಲ್ಲಿ ಹೇಳಿದೆ. ಮಾರ್ಲೇನಿ ಗಡಿಯಾರ ನೋಡಿದಳು. ಅವಳೂ ಚರ್ಚಿಗೆ ಹೋಗಬೇಕು, ಫೋಟೋ ಇದೆ, ಅಜ್ಜಿಯಿಲ್ಲದೆ ಆಗುತ್ತದೆಯೇ? "ಹೌ ಮಚ್ ಪೊಟ್ಯಾಟೊ, ಐ ಡೋಂಟ್ ನೋ," ಎಂದಳು. "ಒನ್ಲೀ," ಎಂದು ತನ್ನ ನಾಲಿಗೆ ಹೊರಚಾಚಿ ಬೆರಳಲ್ಲಿ ತೋರಿಸಿದಳು. ಆ ಮುಖದಲ್ಲಿ ಬೇಡಿಕೆಯಿರಲಿಲ್ಲ. ಆಗದಿದ್ದರೆ ಪ್ಯಾಕೆಟ್ ಇದೆ ಎಂಬಂತೆ ಅದನ್ನು ನನ್ನ ಹತ್ತಿರ ಸರಿಸಿ, ಮೇಲೆ ಬಟ್ಟೆ ಬದಲಿಸಲು ಹೋದಳು.

ಹತ್ತೂವರೆಗೆ ಎಲ್ಲರೂ ಹೊರಟರು. ಮನೆಯಲ್ಲಿ ನಾನು ಮತ್ತು ಒಂದು ದೊಡ್ಡ ಪಾತ್ರೆ ಹಿಟ್ಟು. ಈ ಭಾಗವನ್ನು ದೊಡ್ಡದು ಮಾಡಿ ಹೇಳಬಹುದು. ಆದರೆ ನಡೆದದ್ದು ಇಷ್ಟೇ. ಬಲಗೈಯ ಗ್ಲೌಸು ತೆಗೆದೆ. ಅವಳು ಮಾಡುತ್ತಿದ್ದಂತೆಯೇ ಬೆರಳ ತುದಿಯಲ್ಲಿ ಚೂರು ಎತ್ತಿದೆ. ನಾಲಿಗೆಯ ಮೇಲಿಟ್ಟೆ. ಹಸಿ ಹಿಟ್ಟಿನ, ಎಣ್ಣೆಯ, ಆಲೂಗಡ್ಡೆಯ ರುಚಿ. ಮೊಟ್ಟೆ ಯಾವುದೆಂದು ನನಗೆ ಗೊತ್ತಾಗಲಿಲ್ಲ, ಗೊತ್ತಾಗಲು ಮುಂಚೆ ತಿಂದಿರಬೇಕಲ್ಲ. ಉಪ್ಪು ಇನ್ನೂ ಹೆಚ್ಚಿತ್ತು. ಎರಡು ಆಲೂಗಡ್ಡೆ ಮಸೆದು ಹಾಕಿದೆ. ಮತ್ತೆ ನೋಡಿದೆ. ಇನ್ನೂ ಒಂದು. ನಾಲ್ಕನೆಯ ಸಲ ಸೂರು ನೋಡುತ್ತಾ ನಿಂತಿದ್ದೆ, ಸರಿಯಾಗಿತ್ತು. ಆಮೇಲೆ ಐದನೆಯ ಸಲವೂ ನೋಡಿದೆ. ಅದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ಬಾಯಿ ತೆಗಿ ಎನ್ನಲಿಲ್ಲ.

ಅವು ಮೊದಲಿನಷ್ಟು ಉಬ್ಬಲಿಲ್ಲ. ಸ್ವಲ್ಪ ಚಪ್ಪಟೆ, ಸ್ವಲ್ಪ ಭಾರ. ಒಂದು ಗಂಟೆಗೆ ಮನೆ ತುಂಬ ಜನ, ಹಿತ್ತಲಲ್ಲಿ ಮಕ್ಕಳು ಕುಣಿಯಲೆಂದು ಗಾಳಿ ತುಂಬಿಸಿಟ್ಟ ರಬ್ಬರ್ ಕೋಟೆಯ ಮೇಲೆ ಬಿಳಿ ಗೌನುಗಳು ಹಾರುತ್ತಿದ್ದವು, ನಡುವೆ ನಮ್ಮ ಆದ್ಯಳ ಹಸಿರು ಲಂಗ. ಮಾರ್ಲೇನಿ ಟೋಪಿ ಸಮೇತ ಅಡಿಗೆಮನೆಗೆ ಬಂದು ಒಂದನ್ನು ತೆಗೆದುಕೊಂಡಳು. ಯಜಮಾನರ ಮೊದಲ ತುತ್ತಿಗೂ ನಾನು ಹಾಗೆ ನೋಡಿರಲಾರೆ. ಅವಳು ನಿಧಾನವಾಗಿ ಪೂರ್ತಿ ತಿಂದಳು.

"ನಾಟ್ ಮೈನ್," ಎಂದಳು. ಆಮೇಲೆ, "ಗುಡ್. ಬಟ್ ನಾಟ್ ಮೈನ್."

ಬಂದವರು ಹೊಗಳಿದಾಗಲೂ ಅವಳು ನನ್ನ ಕಡೆ ಕೈ ತೋರಿಸಿ "ಶಿ ಮೇಕ್, ಇಂಡಿಯಾ" ಎನ್ನುತ್ತಿದ್ದಳು. ಮರ್ಯಾದೆಗೆ ಹೇಳುತ್ತಿದ್ದಾಳೆಂದು ಎಲ್ಲರೂ ನಕ್ಕರು. ಅವಳು ನಿಜ ಹೇಳುತ್ತಿದ್ದಳು. ಪತ್ರೀಸಿಯಾ ಹೈ ಹೀಲ್ಸ್ ಕಳಚಿ, ಸಿಂಕಿಗೆ ಒರಗಿ ನಿಂತು ನಾಲ್ಕು ತಿಂದಳು. "ಸೇಮ್ ಆ್ಯಸ್ ಮಾಯಿಸ್," ಎಂದಳು. ಮಾರ್ಲೇನಿ ಅದನ್ನು ಕೇಳಿಸಿಕೊಂಡು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಪ್ಯಾಕೆಟ್ಟಿನದು ಬಡಿಸಲಿಲ್ಲ, ಸರಿ. ಆದರೆ ಅವಳು ಬಂದದ್ದು ನನ್ನ ಕೈಯದನ್ನು ಮಗಳಿಗೆ ತಿನ್ನಿಸಲಿಕ್ಕಾಗಿರಲಿಲ್ಲ.

ಮನೆಗೆ ಬಂದು ವೀಣಾಗೆ ಹೇಳಿದೆ. ಅವಳು ಹಾಸ್ಪಿಟಲಿನ ಬಟ್ಟೆ, ಸ್ಕ್ರಬ್ಸ್, ಮಡಿಚುತ್ತಿದ್ದವಳು ನಿಲ್ಲಿಸಿದಳು.

"ಅಮ್ಮಾ, ನೀನು ಹಸಿ ಮೊಟ್ಟೆ ತಿಂದ್ಯಾ?"

"ನಾಲ್ಕು ಸಲ."

"ಹಸಿದಾ? ಸಾಲ್ಮೊನೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ ಇರುತ್ತೆ ಗೊತ್ತಾ?"

ಇಷ್ಟು ವರ್ಷದ ನೇಮ ಮುರಿದು ಬಂದ ತಾಯಿಗೆ ಮಗಳು ಕೇಳುವ ಪ್ರಶ್ನೆ ಇದು. ಹೊಟ್ಟೆಗೇನೂ ಆಗಲಿಲ್ಲ. ಐದನೆಯದನ್ನು ಹೇಳಲಿಲ್ಲ.

ಜೂನ್ ಮೊದಲ ವಾರ ಮಾರ್ಲೇನಿಯ ಪ್ಲಾಸ್ಟರ್ ತೆಗೆದರು. ಒಳಗಿನ ಕೈ ಸೊರಗಿ ಹುರುಳಿಕಾಯಿಯಂತಾಗಿತ್ತು. ಲೋಟ ಹಿಡಿದರೆ ನಡುಗುತ್ತಿತ್ತು. ಸ್ಕೂಲಿನ ಗೇಟಿನ ಹೊರಗೆ ನಿಂತು ಒಂದು ಮೆತ್ತನೆಯ ಚೆಂಡನ್ನು ಹಿಸುಕುತ್ತಿದ್ದಳು. ಎಷ್ಟಾಯಿತು ಎಂದರೆ ಬೆರಳು ಮಡಚಿ ತೋರಿಸುವಳು. ತಿಂಗಳ ಕೊನೆಗೆ ಹೊರಡುವ ದಿನವೂ ಬಂತು. ಮಧ್ಯಾಹ್ನ ಫ್ಲೈಟು. ದಾರಿಗೆಂದು ಸ್ವಲ್ಪ ಕೋಡುಬಳೆ ಕಟ್ಟಿಕೊಂಡು ಬೆಳಿಗ್ಗೆ ಅವರ ಮನೆಗೆ ಹೋದೆ. ಈ ಸಲ ಉಪ್ಪು ನೋಡಿಯೇ ಮಾಡಿದ್ದೆ, ದೇವರಿಗೆ ಹೇಳಿರಲಿಲ್ಲ.

ಅಡಿಗೆಮನೆಯ ಕಿಟಕಿ ಬೀದಿಯ ಕಡೆಗೇ ಇದೆ. ಪತ್ರೀಸಿಯಾ ರಾತ್ರಿ ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮಿನಲ್ಲೇ ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ತೋಳಿಟ್ಟು, ತೋಳಿನ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು. ಅವಳ ಮೊಣಕೈಯ ಹತ್ತಿರ ಒಂದು ತಟ್ಟೆ. ತಟ್ಟೆಯಲ್ಲಿ ಎಂಟೋ ಹತ್ತೋ ಉಂಡೆ, ಒಂದರ ಹಾಗೆ ಒಂದಿರಲಿಲ್ಲ, ಕೆಲವು ಸೊಟ್ಟಗಿದ್ದವು. ಇನ್ನೂ ಉಗಿಯಾಡುತ್ತಿತ್ತು. ಪ್ರಯಾಣದ ಬಟ್ಟೆ ತೊಟ್ಟ ಮಾರ್ಲೇನಿ ಎದುರಿನ ಕುರ್ಚಿಯಲ್ಲಿ ಕೂತು, ಹಿಟ್ಟು ಮೆತ್ತಿದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮಗಳನ್ನು ನೋಡುತ್ತಿದ್ದಳು. ಬಾಗಿಲ ಬಳಿ ಸೂಟ್‌ಕೇಸು ನಿಂತಿತ್ತು.

ತಲೆಯೆತ್ತಿದಾಗ ಕಿಟಕಿಯಾಚೆ ನಾನು ಅವಳ ಕಣ್ಣಿಗೆ ಬಿದ್ದೆ. ಅವಳು ತುಟಿಯ ಮೇಲೆ ಬೆರಳಿಟ್ಟಳು. ನಾನು ಬೆಲ್ಲು ಒತ್ತದೆ, ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಬಂದೆ.